ಪೈಪು ಹಿಂದಕ್ಕೆ ಎಳೀತು

ಆಗ ನನಗೆ ಇಪ್ಪತ್ನಾಲ್ಕು. ಅದಾಗಿ ಅರವತ್ತು ವರ್ಷದ ಮೇಲಾಯ್ತು. ಒಂದು ಕಾರಿಗೆ ದಾರಿ ಮಧ್ಯೆ ಉಸಿರು ಕಟ್ಟೋ ರೋಗ ಬಂದಿತ್ತು. ಆ ರೋಗ ಏನು ಅಂತ ಹುಡುಕೋಕೆ ಹೋಗಿ ಅದು ನಮ್ಮನೆಯವರ ಜೀವಕ್ಕೇ ಬಂತು. ಆ ಕೆಲಸ ಹೆಂಗೆ ನಡೀತು, ಎಲ್ಲಿ ದಾರಿ ತಪ್ಪಿದ್ವಿ, ಕೊನೆಗೆ ಏನು ಸಿಕ್ತು, ಅಷ್ಟನ್ನೇ ಬರೀತೀನಿ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳು ನಾನು. ಒತ್ತು, ದೀರ್ಘ ತಪ್ಪಿದ್ರೆ ನೀವೇ ಸರಿ ಮಾಡ್ಕಂಡು ಓದಿ.

ಹುಣಸೂರಲ್ಲಿ, ಕೋಟೆ ಅನ್ನೋ ಊರಿನ ರಸ್ತೆಗೆ ತಿರುಗೋ ಕಡೆ ನಮ್ಮದೊಂದು ಷೆಡ್ಡಿತ್ತು. ನಾಲ್ಕು ಕಲ್ಲುಕಂಬ, ಮೇಲೆ ತಗಡು, ಹಿಂದೆ ನಾವಿರೋ ಒಂದು ಕೋಣೆ. ನಮ್ಮನೆಯವರು ಮೈಸೂರಿನ ಒಂದು ವರ್ಕ್‌ಷಾಪಲ್ಲಿ ಕೆಲಸ ಕಲಿತು ಬಂದು ಹಾಕಿದ ಷೆಡ್ಡು ಅದು. ಆಳು ಇರಲಿಲ್ಲ, ನಾನೇ ಆಳು. ಬಿಚ್ಚಿದ ಸಾಮಾನನ್ನೆಲ್ಲ ಸೀಮೆಣ್ಣೆ ತೊಟ್ಟಿಯಲ್ಲಿ ನೆನೆಹಾಕಿ ತೊಳೆಯೋದು, ಸ್ಪ್ಯಾನರ್ ಎತ್ತಿ ಕೊಡೋದು, ಇಂಜಿನ್ ಸ್ಟಾರ್ಟ್ ಮಾಡೋಕೆ ಮುಂದಿನ ಹ್ಯಾಂಡಲ್ ತಿರುಗಿಸೋದು. ಕೈ ಸುಲಿದು ಬಿರುಕು ಬಿಟ್ಟಿತ್ತು. ಮುದ್ದೆ ಕಟ್ಟಿದ್ರೆ ಮುದ್ದೇಲೂ ಸೀಮೆಣ್ಣೆ ವಾಸನೆ. "ಕಡ್ಡಿ ಗೀರಿದ್ರೆ ನಿನ್ ಮುದ್ದೆ ದೀಪದಂಗೆ ಉರೀತದೆ ಕಣೆ" ಅಂತ ನಮ್ಮನೆಯವರು ಆಡ್ಕಳೋರು. ಆಡ್ಕಂಡೇ ಎರಡು ಮುದ್ದೆ ಉಣ್ಣೋರು.

ತೊಳೆದೂ ತೊಳೆದೂ ನನಗೆ ಪೆಟ್ರೋಲಿನ ದಾರಿ ಗೊತ್ತಾಗಿತ್ತು. ಟ್ಯಾಂಕು ಹಿಂದೆ ಇರ್ತದೆ. ಅಲ್ಲಿಂದ ಒಂದು ಸಣ್ಣ ಪೈಪು ಕಾರಿನ ಹೊಟ್ಟೆ ಕೆಳಗೆ ಮುಂದಕ್ಕೆ ಬರ್ತದೆ. ಇಂಜಿನ್ ಪಕ್ಕದಲ್ಲಿ ಒಂದು ಪಂಪು, ಅದರೊಳಗೆ ಒಂದು ಪೊರೆ. ಆ ಪೊರೆ ಮೇಲೆ ಕೆಳಗೆ ಆಡಿದಾಗ ಪೆಟ್ರೋಲನ್ನ ಎಳ್ಕಂಡು ಕಾರ್ಬೊರೇಟರಿಗೆ ತಳ್ತದೆ. ಪಂಪಿಗೆ ಒಂದು ಗಾಜಿನ ಬಟ್ಟಲಿರ್ತದೆ, ಕಸ ಅದರಲ್ಲಿ ಕೂರ್ತದೆ. ಇಷ್ಟೇ ದಾರಿ. ಈ ದಾರೀಲಿ ಎಲ್ಲಿ ಅಡ್ಡ ಬಿದ್ರೂ ಕಾರು ನಿಲ್ತದೆ.

ಕಾರು ಊರಿನ ಒಬ್ಬ ಹೊಗೆಸೊಪ್ಪಿನ ಸಾಹುಕಾರರದ್ದು. ದೊಡ್ಡ ಹಳೇ ಪರದೇಶದ ಕಾರು, ಎಮ್ಮೆ ಥರ ಮೈ. ಬಾಡಿಗೆಗೆ ಕೋಟೆ, ಸರಗೂರು, ಅಂತರಸಂತೆ ಕಡೆಗೆಲ್ಲ ಓಡ್ತಿತ್ತು. ಅದನ್ನ ಓಡಿಸ್ತಿದ್ದೋನು ನಮ್ಮನೆಯವರಿಗಿಂತ ಹತ್ತು ವರ್ಷ ದೊಡ್ಡೋನು, ಡ್ರೈವರಣ್ಣ ಅಂತ ಕರೀತಿದ್ವಿ. ಬಾಯಿ ಜೋರು, ಮನಸ್ಸು ಮೆತ್ತಗೆ. ಸಾಹುಕಾರರ ತಾಯಿ ಇದ್ರು, ದೊಡ್ಡವ್ವ. ಆ ವರ್ಷದ ಶಿವರಾತ್ರಿಗೆ ಕಾರಿಗೆ ದೊಡ್ಡದಾಗಿ ಪೂಜೆ ಮಾಡಿಸಿ, ಅಲ್ಲಿಂದಾಚೆಗೆ ಪ್ರತಿ ಸೋಮವಾರ ಕಾರು ಹೊರಡೋ ಮುಂಚೆ ಅವರೇ ಬಂದು ವಿಭೂತಿ ತೇದು ಹಚ್ಚೋರು. ಬಾನೆಟ್ಟಿಗೆ, ಚಕ್ರಕ್ಕೆ, ಸ್ಟೇರಿಂಗಿಗೆ, ಟ್ಯಾಂಕಿನ ಮುಚ್ಚಳಕ್ಕೆ. ಮೂರು ಬೆರಳು, ಮೂರು ಗೆರೆ. ಅದು ಒಳ್ಳೇದೇ ಅಂತ ಎಲ್ಲರಿಗೂ ಸಮಾಧಾನ.

ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗ್ತದೆ ಅಂತಾರಲ್ಲ, ಆ ವರ್ಷ ಚಳಿ ಹೋದ ಹಿಂದೇನೇ ಬಿಸಿಲು ಬಂದು ಕೂತ್ಕತು. ಕಾರಿನ ರೋಗಾನೂ ಆಗಲೇ ಶುರುವಾದದ್ದು. ಹುಣಸೂರು ಬಿಟ್ಟಾಗ ಚೆನ್ನಾಗಿರ್ತದೆ. ಸುಮಾರು ದೂರ ಹೋಗ್ತಿದ್ದಂಗೆ ಕೆಮ್ಮೋಕೆ ಶುರು, ಎರಡು ಸಲ ಮುಗ್ಗರಿಸಿ ನಿಂತೇ ಬಿಡ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಮರದ ಕೆಳಗೆ ಕೂತು ಎದ್ರೆ ಮತ್ತೆ ಸ್ಟಾರ್ಟು.

ಇದು ಯಾವ ಮೆಕ್ಯಾನಿಕ್ಕಿಗೂ ಗೊತ್ತಿದ್ದ ರೋಗ. ಬಿಸಿಲಿಗೂ ಇಂಜಿನ್ ಕಾವಿಗೂ ಪೈಪಿನೊಳಗೇ ಪೆಟ್ರೋಲು ಕುದ್ದು ಆವಿಯಾಗ್ತದೆ. ಪಂಪು ಎಳೆದ್ರೆ ಬರೋದು ಆವಿ, ಪೆಟ್ರೋಲಲ್ಲ. ವೇಪರ್ ಲಾಕ್ ಅಂತಾರೆ. ನಾವು ಗ್ಯಾಸ್ ಕಟ್ಕತು ಅಂತಿದ್ವಿ. ತಣ್ಣಗೆ ಮಾಡಿದ್ರೆ ಆವಿ ಮತ್ತೆ ಪೆಟ್ರೋಲಾಗ್ತದೆ, ಕಾರು ಹೊರಡ್ತದೆ. ನಮ್ಮ ಕಾರೂ ಹಂಗೇ ಮಾಡ್ತಿತ್ತು. ಬೇರೆ ಯೋಚನೆ ಯಾಕೆ ಬರಬೇಕು?

ನಮ್ಮನೆಯವರು ಮೊದಲು ಗಾಜಿನ ಬಟ್ಟಲು ಬಿಚ್ಚಿದ್ರು. ಚೂರು ಕಸ ಇತ್ತು, ತೊಳೆದೆ. ಹೋಯ್ತು, ಕೋಟೆ ದಾರೀಲಿ ನಿಂತ್ಕತು. ಕಾರ್ಬೊರೇಟರ್ ಬಿಚ್ಚಿದ್ರು, ಪೆಟ್ರೋಲು ಚಿಮ್ಮೋ ಜೆಟ್ಟಿನ ತೂತನ್ನ ಊದಿ ಬೆಳಕಿಗೆ ಹಿಡಿದು ನೋಡಿದ್ರು, ಚೊಕ್ಕಟ. ಮೈಸೂರಿಂದ ಪಂಪಿನ ಹೊಸ ಪೊರೆ ತರಿಸಿ ಹಾಕಿದ್ರು. ಮೂರು ದಿನ ಸುಖ. ಹತ್ತಿರದ ಬಾಡಿಗೆ ಬಂದಿದ್ವು, ಅದಕ್ಕೇ ಸುಖ. ನಾಲ್ಕನೇ ದಿನ ಸರಗೂರಿಗೆ ಹೊರಟಾಗ ಮತ್ತೆ ಅದೇ. ಆಮೇಲೆ ಸೈಲೆನ್ಸರ್ ಪಕ್ಕ ಹಾದು ಬರ್ತಿದ್ದ ಪೈಪನ್ನ ಬಗ್ಗಿಸಿ ದೂರ ಮಾಡಿ, ಉದ್ದಕ್ಕೂ ಗೋಣಿತಾಟು ಸುತ್ತಿ, ಮೇಲೆ ನಾರಿನ ಹಗ್ಗ ಬಿಗಿದ್ರು. ನಾನು ಆ ತಾಟಿಗೆಲ್ಲ ನೀರು ಹಾಕಿದೆ. ಕಾರಿನ ಹೊಟ್ಟೆಗೆ ಬಾಣಂತಿ ಪಟ್ಟಿ ಕಟ್ಟಿದಂಗೆ ಕಾಣ್ತಿತ್ತು.

ಡ್ರೈವರಣ್ಣ ನೋಡಿ ನಕ್ಕ. "ಏನಯ್ಯಾ, ಇದಕ್ಕೆ ಕರು ಆಯ್ತದಾ?"

"ಆದ್ರೆ ಗಿಣ್ಣ ನಿಂಗೇ ಕಳಿಸ್ತೀನಿ, ತಕ್ಕೊಂಡೋಗು" ಅಂದ್ರು ನಮ್ಮನೆಯವರು.

ಅವತ್ತು ಸಾಯಂಕಾಲ ಅವನು ವಾಪಸ್ ಬಂದು ಕಾರಿನ ಬಾಗಿಲು ದಬಾರ್ ಅಂತ ಹಾಕಿದ. "ನಿಮ್ ಷೆಡ್ಡಲ್ಲಿ ಇದು ಒಳ್ಳೇ ಸೊಸೆ ಕಣಯ್ಯ. ರೋಡಿಗೆ ಇಳಿದ್ರೆ ಮಾರಿ. ಅಂತರಸಂತೆಯಿಂದ ಒಬ್ಬ ಹುಷಾರಿಲ್ಲದ ಮುದುಕನ್ನ ಕರ್ಕಂಡು ಬತ್ತಿದ್ದೆ. ಎರಡು ಸಲ ನಿಂತ್ಕತು. ಅವನು ಹೆಂಡ್ರಿಗೆ ಹೇಳ್ತಾವ್ನೆ, ಎತ್ತಿನ ಗಾಡೀಲಿ ಹೋಗಿದ್ರೆ ಇಷ್ಟೊತ್ತಿಗೆ ಸೇರ್ಕತಿದ್ವಿ ಅಂತ."

ನಮ್ಮನೆಯವರು ಕಾರಿನ ಕೆಳಗೆ ತೂರಿ ತಾಟು ಮುಟ್ಟಿ ನೋಡಿದ್ರು.

ಒಂದು ಸಲ ಮೋಡ ಕವಿದು ತಣ್ಣಗಿದ್ದ ಬೆಳಿಗ್ಗೇನೂ ಕಾರು ನಿಂತಿತ್ತು ಅಂತ ಡ್ರೈವರಣ್ಣ ಹೇಳಿದ್ದ. ನಾನು ನಮ್ಮನೆಯವರನ್ನ ಕೇಳಿದೆ, "ಬಿಸಿಲೇ ಇಲ್ದೆ ಗ್ಯಾಸ್ ಹೆಂಗೆ ಕಟ್ತದೆ?"

"ಇಂಜಿನ್ ಕಾವು ಸಾಲ್ದಾ?" ಅಂದ್ರು. ಅಂದ ಮೇಲೆ ಸುಮಾರು ಹೊತ್ತು ಬೀಡಿ ಹಚ್ಚದೆ ಬೆರಳಲ್ಲೇ ಹಿಡ್ಕಂಡು ಕೂತಿದ್ರು. ಅವರಿಗೂ ಅದು ಸರಿ ಬಂದಿರಲಿಲ್ಲ. ಆಮೇಲೆ, "ಷೆಡ್ಡಲ್ಲಿ ಬಿಚ್ಚಿ ಪ್ರಯೋಜನಿಲ್ಲ ಕಣೆ. ಇದು ನಿಂತ ಜಾಗದಲ್ಲಿ, ನಿಂತ ಗಳಿಗೇಲಿ ಬಿಚ್ಚಬೇಕು. ಪೆಟ್ರೋಲು ಎಲ್ಲೀಗಂಟ ಬಂದು ನಿಂತದೆ ಅಂತ ಆಗಲೇ ನೋಡಬೇಕು" ಅಂದ್ರು.

ಅದು ಸರಿಯಾದ ಯೋಚನೆ. ಈಗಲೂ ಹೇಳ್ತೀನಿ, ಸರಿಯಾದ ಯೋಚನೆ.

ಮಾರನೆ ದಿನ ಬಾಡಿಗೆ ಇಲ್ಲದ ಹೊತ್ತು ನೋಡಿ ಕಾರು ತಗೊಂಡು ಹೊರಟ್ವಿ. ಡ್ರೈವರಣ್ಣ ಓಡಿಸ್ದ, ನಮ್ಮನೆಯವರು ಅವನ ಪಕ್ಕ, ನಾನು ಹಿಂದೆ ಸ್ಪ್ಯಾನರು ಮತ್ತೆ ನೀರಿನ ಕೊಡ ಹಿಡ್ಕಂಡು. ಕೋಟೆ ರಸ್ತೆ ಆಗ ಜಲ್ಲಿ ರಸ್ತೆ. ಧೂಳು ಎದ್ದು ಹಿಂದಿನ ಗಾಜು ಕಾಣ್ತಿರಲಿಲ್ಲ. ಬಹಳ ದೂರ ಹೋದ್ವಿ. ಮಧ್ಯಾಹ್ನದ ಬಿಸಿಲು. ಇವತ್ತು ನಿಲ್ಲೋದೇ ಇಲ್ಲವೇನೋ ಅಂತ ಅಂದ್ಕಳೋ ಹೊತ್ತಿಗೆ ಕೆಮ್ತು. ನಿಂತ್ಕತು.

ನಮ್ಮನೆಯವರು ಹಾರಿ ಇಳಿದು ಬಾನೆಟ್ಟು ಎತ್ತಿದ್ರು. "ಹದಿನಾರು ಕೊಡು" ಅಂದ್ರು. ಸ್ಪ್ಯಾನರ್ ಕೊಟ್ಟೆ. ಪಂಪಿಗೆ ಸೇರೋ ಕಡೆ ಪೈಪು ಬಿಚ್ಚಿ, ಅದರ ಬಾಯಿಗೆ ಹೆಬ್ಬೆಟ್ಟು ಒತ್ತಿ ಹಿಡಿದ್ರು. ಸೊಂಟದಲ್ಲಿ ಸಿಗಿಸಿದ್ದ ಮೊಳ ಉದ್ದದ ರಬ್ಬರ್ ಟ್ಯೂಬನ್ನ ಆ ಪೈಪಿಗೆ ಹಾಕಿ, ಇನ್ನೊಂದು ತುದಿ ಬಾಯಿಗಿಟ್ಟು ಎಳೆದ್ರು. ಆಗಿನ ಕಾಲಕ್ಕೆ ಪೆಟ್ರೋಲ್ ಪೈಪನ್ನ ಪರೀಕ್ಷೆ ಮಾಡೋದು ಹಿಂಗೇ. ಬಾಯಲ್ಲಿ ಎಳೆಯೋದು, ನಾಲಿಗೆಗೆ ತಾಕ್ತಿದ್ದಂಗೆ ಉಗಿಯೋದು. ಮೈಸೂರಲ್ಲಿ ಅವರಿಗೆ ಕಲಿಸಿದೋರೂ ಹಂಗೇ ಮಾಡ್ತಿದ್ರು. ಮೆಕ್ಯಾನಿಕ್ಕಾದೋನು ಪೆಟ್ರೋಲ್ ರುಚಿ ನೋಡದೆ ಇದ್ರೆ ಅವನನ್ನ ಯಾರೂ ಮೆಕ್ಯಾನಿಕ್ಕು ಅಂತಿರಲಿಲ್ಲ.

ಏನೂ ಬರಲಿಲ್ಲ. ಟ್ಯೂಬನ್ನ ಬಾಯಿಂದ ತೆಗೆದು, ತುದೀನ ಹೆಬ್ಬೆಟ್ಟಲ್ಲಿ ಮುಚ್ಚಿ ನನ್ನ ಮುಖ ನೋಡಿದ್ರು.

"ಇದೇನ್ಲೇ ಇದು. ಪೈಪು ನನ್ನನ್ನೇ ಎಳೀತದೆ."

"ಹಂಗಂದ್ರೆ?"

"ನಾಲಿಗೆ ಹಿಡ್ಕಂಡು ಒಳಕ್ಕೆ ಎಳ್ಕತದೆ ಕಣೆ. ನಾನು ಇತ್ಲಾಗೆ, ಅದು ಅತ್ಲಾಗೆ."

ಮತ್ತೆ ಬಾಯಿಗಿಟ್ರು. ಈ ಸಲ ಎದೆ ಗುಳಿ ಬೀಳೋ ಹಂಗೆ, ಕೆನ್ನೆ ಒಳಕ್ಕೆ ಹೋಗೋ ಹಂಗೆ ಎಳೆದ್ರು.

ಡ್ರೈವರಣ್ಣ ಆ ಹೊತ್ತಿಗೆ ಕಾರಿನ ಹಿಂದಕ್ಕೆ ಹೋಗಿದ್ದ. ಅದು ಅವನ ಪದ್ಧತಿ. ಆ ಕಾರಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ತೋರಿಸೋ ಮುಳ್ಳು ಕೆಟ್ಟು ಬಹಳ ಕಾಲ ಆಗಿತ್ತು. ಕಾರು ಎಲ್ಲಿ ನಿಂತ್ರೂ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಬಿದಿರು ಕಡ್ಡಿ ಇಳಿಬಿಟ್ಟು, ಎಷ್ಟು ಒದ್ದೆಯಾಗಿದೆ ಅಂತ ನೋಡೋನು. ಅವತ್ತೂ ಮುಚ್ಚಳ ತಿರುಗಿಸಿ ತೆಗೆದ.

ತೆಗೆದದ್ದೇ ತಡ, ಪೆಟ್ರೋಲು ಧುಮುಕಿ ಬಂತು. ನಾಲಿಗೆಗೆ ತಾಕಿ ಉಗಿಯೋಕೆ ಹೊತ್ತೇ ಸಿಗಲಿಲ್ಲ. ಉಸಿರಿನ ಜೊತೆಗೇ ಒಳಕ್ಕೆ ಹೋಯ್ತು. ನಮ್ಮನೆಯವರು ರಸ್ತೆ ಮೇಲೆ ಮೊಣಕಾಲೂರಿ ಬಿದ್ರು. ಕೆಮ್ಮು, ಕೆಮ್ಮು, ಕಣ್ಣು ಗುಡ್ಡೆ ಆಚೆ ಬರೋ ಹಂಗೆ. ಡ್ರೈವರಣ್ಣ ಕಡ್ಡಿ ಕೈಲಿ ಹಿಡ್ಕಂಡೇ ಓಡಿ ಬಂದ.

"ಏನಾಯ್ತಯ್ಯಾ? ಏನಾಯ್ತು?"

ನಮ್ಮನೆಯವರು ಕೈ ಅಲ್ಲಾಡಿಸಿ ಏನಿಲ್ಲ ಅಂತ ತೋರಿಸಿದ್ರು. ಎದ್ದು ಹಳ್ಳದ ಕಡೆ ಹೋಗಿ ಬಾಯಿಗೆ ಬೆರಳು ಹಾಕಿ ಕಕ್ಕಿದ್ರು. ಅದೂ ಮೆಕ್ಯಾನಿಕ್ಕುಗಳ ಪದ್ಧತೀನೇ. ಒಳಗೆ ಹೋದದ್ದು ಆಚೆ ಬರಲಿ ಅಂತ. ಎರಡು ಮೂರು ಸಲ ಕಕ್ಕಿ, ನನ್ನ ಕೊಡದ ನೀರಲ್ಲಿ ಮುಖ ತೊಳ್ಕಂಡು ಬಂದು ನಕ್ರು. "ಗ್ಯಾಲನ್ ಲೆಕ್ಕದಲ್ಲಿ ಕುಡಿದೆ ಕಣಪ್ಪ. ಇನ್ನು ಹುಣಸೂರಿಗೆ ನಾನೇ ಓಡ್ತೀನಿ, ಕಾರು ಯಾಕೆ?"

ಪೈಪು ಸೇರಿಸಿ ಹ್ಯಾಂಡಲ್ ಹಾಕಿದ್ರೆ ಕಾರು ಮೊದಲನೇ ತಿರುವಿಗೇ ಸ್ಟಾರ್ಟಾಯ್ತು. ಹುಣಸೂರಿನವರೆಗೆ ಎಲ್ಲೂ ನಿಲ್ಲಲಿಲ್ಲ. ನಮ್ಮನೆಯವರು ದಾರಿಯುದ್ದಕ್ಕೂ ಕೆಮ್ತಾನೇ ಇದ್ರು.

ಸಾಯಂಕಾಲ ಜ್ವರ ಬಂತು. ಎದೆಯೊಳಗೆ ಉರಿ ಅಂದ್ರು. ಮಜ್ಜಿಗೆ ಕೊಟ್ಟೆ, ಕುಡೀಲಿಲ್ಲ. ಮಾರನೆ ದಿನ ಎದ್ದು ಷೆಡ್ಡಿಗೆ ಬಂದು ಕಂಬಕ್ಕೆ ಒರಗಿ ಕೂತ್ರು. ಸ್ಪ್ಯಾನರ್ ಎತ್ತೋಕೆ ಆಗಲಿಲ್ಲ. ಉಸಿರು ಚಿಕ್ಕದಾಗ್ತಾ ಬಂತು, ಬಿಸಿಲಲ್ಲಿ ಓಡಿ ಬಂದ ನಾಯಿ ಬಿಡ್ತದಲ್ಲ, ಹಂಗೆ. ಊರಿನ ಡಾಕ್ಟರು ಬಂದು ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಒಂದು ಸೂಜಿ ಚುಚ್ಚಿ, "ಇಲ್ಲಿ ಆಗಲ್ಲಮ್ಮ, ಮೈಸೂರಿಗೆ ಕರ್ಕೊಂಡು ಹೋಗಿ, ತಡ ಮಾಡಬೇಡಿ" ಅಂದ್ರು. ಬಸ್ಸಿನಲ್ಲಿ ಮಲಗಿಸ್ಕಂಡು ಹೋಗೋಕಾಗಲ್ಲ. ಕೂರೋ ಶಕ್ತಿ ಅವರಿಗಿಲ್ಲ. ಊರಲ್ಲಿ ನಮಗೆ ಸಿಗೋ ಕಾರು ಅದೊಂದೇ.

ಸಾಹುಕಾರರು ನಾನು ಕೇಳೋ ಮುಂಚೆನೇ ಕಾರು ಕಳಿಸಿದ್ರು. ದೊಡ್ಡವ್ವ ಕಾರಿನ ಜೊತೇಲೇ ನಡ್ಕಂಡು ಬಂದ್ರು. ಅವತ್ತು ಸೋಮವಾರ ಅಲ್ಲ. ಆದರೂ ಬಟ್ಟಲಲ್ಲಿ ವಿಭೂತಿ ಗಟ್ಟಿಯಾಗಿ ಕಲಸಿ ತಂದಿದ್ರು. ನಮ್ಮನೆಯವರನ್ನ ಹಿಂದಿನ ಸೀಟಲ್ಲಿ ಮಲಗಿಸೋವಷ್ಟರಲ್ಲಿ ಅವರು ಕಾರು ಸುತ್ತ ಬಂದು ಎಲ್ಲಾ ಕಡೆಗೂ ಹಚ್ಚಿದ್ರು, ಮುಚ್ಚಳಕ್ಕೂ ದಪ್ಪಗೆ. "ಸ್ವಾಮಿ ಕಾಯ್ತಾನೆ ಹೋಗ್ಬಾ ಮಗಾ" ಅಂದ್ರು ನನಗೆ. ಕಣ್ಣಲ್ಲಿ ನೀರಿತ್ತು. ಕೆಟ್ಟ ಹೆಂಗಸಲ್ಲ.

ಡ್ರೈವರಣ್ಣ ಹಿಂದಿನ ರಾತ್ರಿ ನಿದ್ದೆ ಮಾಡಿದಂಗಿರಲಿಲ್ಲ. ನಾವು ಹತ್ತಿದ್ದೇ ತಡ ಗೇರು ಹಾಕಿದ.

ನಾನು ಸೀಟಿನ ಮೂಲೇಲಿ ಕೂತು ನಮ್ಮನೆಯವರ ತಲೆ ತೊಡೆ ಮೇಲೆ ಇಟ್ಕಂಡಿದ್ದೆ. ತುಟಿ ನೇರಳೆ ಹಣ್ಣು ತಿಂದೋರ ಥರ ಆಗಿತ್ತು. ಪ್ರತಿ ಉಸಿರಿಗೂ ಪಕ್ಕೆಲುಬಿನ ಸಂದು ಒಳಕ್ಕೆ ಹೋಗೋದು. ನಾನು ಆ ಸಂದನ್ನೇ ನೋಡ್ತಾ ಇದ್ದೆ. ಬಿಳಿಕೆರೆ ದಾಟಿದ್ವಿ. ಅಲ್ಲಿಂದ ಸ್ವಲ್ಪ ಮುಂದೆ ಕಾರು ಕೆಮ್ತು.

"ಬ್ಯಾಡ ಕಣವ್ವ, ಬ್ಯಾಡ, ಇವತ್ತು ಬ್ಯಾಡ" ಅಂದ ಡ್ರೈವರಣ್ಣ ಕಾರಿಗೆ. ನಿಂತ್ಕತು.

ಅವನು ಓಡಿ ಹೋಗಿ ಗದ್ದೆ ಕಾಲುವೇಲಿ ಟವಲ್ಲು ಅದ್ದಿ ತಂದು ಪಂಪಿನ ಮೇಲೆ ಹಾಕ್ದ. ಕಾದ್ವಿ. ಹ್ಯಾಂಡಲ್ ತಿರುಗಿಸ್ದ. ಸ್ಟಾರ್ಟಾಗಿ ಒಂದು ಕೂಗಳತೆ ಹೋಗಿ ಮತ್ತೆ ನಿಂತ್ಕತು. ಮತ್ತೆ ಟವಲ್ಲು, ಮತ್ತೆ ಕಾಯೋದು. ಈ ಸಲ ತಿರುಗಿಸಿ ತಿರುಗಿಸಿ ಕೈ ಸೋತ್ರೂ ಕಾರು ಉಸಿರೆತ್ತಲಿಲ್ಲ. ರಸ್ತೇಲಿ ಒಂದು ನರಪಿಳ್ಳೆ ಇಲ್ಲ. ಬಿಸಿಲು ತಗಡಿನ ಮೇಲೆ ಕುದೀತಿತ್ತು. ನಮ್ಮನೆಯವರ ಎದೆಯೊಳಗಿಂದ ಒದ್ದೆ ಬಟ್ಟೆ ಹರಿದಂಗೆ ಸದ್ದು ಬರ್ತಿತ್ತು.

ಆಗ ನನಗೆ ಒಂದು ವಿಷಯ ಕಾಣಿಸ್ತು. ಡ್ರೈವರಣ್ಣ ಈ ಸಲ ಹಿಂದಕ್ಕೆ ಹೋಗೇ ಇಲ್ಲ.

"ಅಣ್ಣ, ಕಡ್ಡಿ ಹಾಕಿ ನೋಡು. ಪೆಟ್ರೋಲ್ ಐತೋ ಇಲ್ವೋ" ಅಂದೆ.

"ತುಂಬಿಸ್ಕಂಡೇ ಬಂದಿವ್ನಿ ಕಣವ್ವ."

"ಆದ್ರೂ ತೆಗೆದು ನೋಡು."

ಅವನು ನೆಲ ನೋಡ್ದ. "ಆ ಮುಚ್ಚಳ ನಾನು ಮುಟ್ಟಕ್ಕಿಲ್ಲ. ಅವತ್ತು ಮುಟ್ಟಿದ್ದಕ್ಕೇ ಇಂಗಾದದ್ದು. ಇನ್ನು ಈ ಜನ್ಮದಲ್ಲಿ ಮುಟ್ಟಕ್ಕಿಲ್ಲ."

ಅವತ್ತು ಮುಚ್ಚಳ ತೆಗೆದ ಮೇಲೆ ಕಾರು ಹುಣಸೂರಿನವರೆಗೆ ನಿಲ್ಲಲಿಲ್ಲ. ಹಿಂದೆ ನಿಂತಾಗಲೆಲ್ಲ ಕಡ್ಡಿ ಹಾಕಿದ್ದ, ಕಾರು ಹೊರಟಿತ್ತು. ಇವತ್ತು ಒದ್ದೆ ಟವಲ್ಲಿದೆ, ಕಾದದ್ದಾಯ್ತು, ಕಡ್ಡಿ ಒಂದಿಲ್ಲ. ಕಾರು ಹೊರಡ್ತಿಲ್ಲ. ಹಂಗಾದ್ರೆ ಇಷ್ಟು ದಿನ ಕಾರನ್ನ ಹೊರಡಿಸಿದ್ದು ಒದ್ದೆ ಬಟ್ಟೆನೋ, ಕಡ್ಡಿನೋ?

ಆಮೇಲೆ ಸೀಮೆಣ್ಣೆ ಡಬ್ಬ ನೆನಪಾಯ್ತು. ದಿನಾ ತೊಟ್ಟಿಗೆ ಸುರಿಯೋ ಡಬ್ಬ. ಹೊಸ ಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿದ್ರೆ ಎಣ್ಣೆ ಬಿಕ್ಕಿ ಬಿಕ್ಕಿ ಬಿದ್ದು ನಿಲ್ತದೆ. ತೂತಿನ ಬಾಯಿಗೆ ಬೆರಳಿಟ್ರೆ ಒಳಕ್ಕೆ ಎಳ್ಕತದೆ. ಎದುರು ಮೂಲೆಗೆ ಗಾಳಿಗೆ ಅಂತ ಇನ್ನೊಂದು ತೂತು ಹೊಡೀಬೇಕು, ಆಗ ಸಲೀಸು. ಎಣ್ಣೆ ಡಬ್ಬ ಬಗ್ಗಿಸಿದ ಯಾವ ಹೆಂಗಸಿಗೂ ಗೊತ್ತು ಇದು.

ಪೈಪು ನನ್ನನ್ನೇ ಎಳೀತದೆ ಅಂದಿದ್ರು.

ಅವರ ತಲೆ ಎತ್ತಿ ಕೆಳಗೆ ಕಂಬಳಿ ಮಡಿಸಿಟ್ಟೆ. ತಲೆ ಬಿಟ್ಟು ಇಳಿಯೋಕೆ ಮನಸ್ಸಿರಲಿಲ್ಲ. ನಾನು ಆಚೆ ಹೋದ ಗಳಿಗೇಲೇ ಉಸಿರು ನಿಂತ್ರೆ ಅಂತ ಭಯ. ಆದರೆ ಕೂತ್ಕಂಡು ಪಕ್ಕೆಲುಬು ಎಣಿಸಿದ್ರೆ ಉಸಿರು ಬರ್ತದಾ? ಇಳಿದೆ.

ಮುಚ್ಚಳ ಬಿಗಿಯಾಗಿತ್ತು. ಎರಡು ಕೈ ಹಾಕಿ, ಸೆರಗು ಸುತ್ತಿ ತಿರುಗಿಸಿದೆ. ಸಡಿಲ ಆಗ್ತಿದ್ದಂಗೆ ಸುಯ್ ಅಂತ ಶಬ್ದ ಬಂತು. ಆಚೆಗೆ ಬರೋ ಶಬ್ದ ಅಲ್ಲ, ಒಳಕ್ಕೆ ಹೋಗೋದು. ಮುಳುಗಿ ಎದ್ದೋನು ಗಾಳಿ ಎಳ್ಕತಾನಲ್ಲ, ಹಂಗೆ ಉದ್ದಕ್ಕೆ ಎಳ್ಕತು. ಕೆಳಗಿಂದ ಟ್ಯಾಂಕಿನ ತಗಡು ಡಬ್ ಅಂತು, ಒಳಕ್ಕೆ ಹೋಗಿದ್ದ ಹೊಟ್ಟೆ ಆಚೆ ಬಂದಂಗೆ.

"ಕೇಳಿಸ್ತಾ?" ಅಂದೆ. ಡ್ರೈವರಣ್ಣ ಹತ್ತಿರ ಬಂದು ಬಗ್ಗಿ ನೋಡ್ದ.

ಮುಚ್ಚಳ ತಿರುಗಿಸಿ ಒಳಮೈ ನೋಡಿದೆ. ನಡುಮಧ್ಯೆ ಸಾಸಿವೆ ಕಾಳಿನಷ್ಟು ಒಂದು ತೂತು. ಬೆಳಕಿಗೆ ಹಿಡಿದ್ರೆ ಆ ಕಡೆಯಿಂದ ಬೆಳಕು ಬರಲಿಲ್ಲ. ಹೊರಮೈ ತಿರುಗಿಸಿದೆ. ವಿಭೂತಿ. ಶಿವರಾತ್ರಿಯಿಂದ ಹಚ್ಚಿದ್ದು ಪದರ ಪದರವಾಗಿ ಒಣಗಿ, ಗೋಡೆ ಸುಣ್ಣದ ಹಂಗೆ ಚಕ್ಕೆ ಕಟ್ಟಿತ್ತು. ಮೇಲೆ ಅವತ್ತು ಬೆಳಿಗ್ಗೆ ಹಚ್ಚಿದ್ದು ಬೇರೆ. ಟ್ಯಾಂಕಿಗೆ ಗಾಳಿ ಹೋಗೋದು ಅದೊಂದೇ ತೂತಲ್ಲಿ. ಪಂಪು ಪೆಟ್ರೋಲು ಎಳೆದಷ್ಟೂ ಟ್ಯಾಂಕು ಒಳಕ್ಕೆ ಬಿಗ್ಕತಾ ಹೋಗ್ತದೆ, ಕೊನೆಗೆ ಪಂಪಿನ ಕೈ ಸೋಲ್ತದೆ. ಎಲ್ಲೋ ಸಂದಿಯಿಂದ ಚೂರು ಗಾಳಿ ನುಸುಳ್ತಿತ್ತೇನೋ, ಮಿಕ್ಕದ್ದು ಡ್ರೈವರಣ್ಣ ಕಡ್ಡಿ ಹಾಕೋಕೆ ಮುಚ್ಚಳ ತೆಗೆದಾಗ ಸರಿ ಹೋಗ್ತಿತ್ತು. ಕಾಯೋ ಹೊತ್ತಲ್ಲಿ ಒದ್ದೆ ಬಟ್ಟೇನೂ ಇರ್ತಿತ್ತು, ಹೆಸರು ಅದಕ್ಕೆ ಬಂತು. ಷೆಡ್ಡಲ್ಲಿ ಬಿಚ್ಚೋ ಮುಂಚೆ ನಾವೂ ಮುಚ್ಚಳ ತೆಗೀತಿದ್ವಿ. ಹುಡುಕೋಕೆ ಹೋಗಿ ನಾವೇ ಪ್ರತಿ ಸಲ ರೋಗಾನ ಬಚ್ಚಿಡ್ತಿದ್ವಿ. ವಿಭೂತೀನ ಮಾತ್ರ ಯಾರೂ ಮುಟ್ಟಿರಲಿಲ್ಲ. ಕಾರು ತೊಳೆಯೋವಾಗ ಡ್ರೈವರಣ್ಣ ಅದರ ಸುತ್ತ ತೊಳೆಯೋನು. ನಮ್ಮನೆಯವರು ಮುಚ್ಚಳ ತೆಗೆದ್ರೆ ಆ ಕೈನ ಕಣ್ಣಿಗೊತ್ಕಳೋರು.

ಬಳೇಲಿ ಸಿಗಿಸಿದ್ದ ಪಿನ್ನು ತೆಗೆದು ಕೆರೆಯೋಕೆ ಶುರು ಮಾಡಿದೆ.

"ಅಯ್ಯಯ್ಯೋ, ಸ್ವಾಮಿ ಕಣವ್ವ ಅದು! ಕೆರೀಬ್ಯಾಡ, ಇಂಥಾ ಹೊತ್ತಲ್ಲಿ ಕೆರೀಬ್ಯಾಡ!" ಡ್ರೈವರಣ್ಣ ನನ್ನ ಕೈ ಹಿಡಿಯೋಕೆ ಬಂದ.

"ಸ್ವಾಮಿ ಈ ತೂತಲ್ಲಿ ಕೂತ್ರೆ ಗಾಳಿ ಎಲ್ಲಿಂದ ಹೋಗ್ಬೇಕು? ಕೈ ಬುಡು. ಹೋಗಿ ಹ್ಯಾಂಡಲ್ ಹಿಡಿ."

ಕೈ ಬಿಟ್ಟ.

ತೂತಿಗೆ ಪಿನ್ನು ತೂರಿಸಿ ಆಡಿಸಿದೆ. ಬಾಯಿಗಿಟ್ಟು ಊದಿದೆ. ಉಸಿರು ಆ ಕಡೆ ಹೋಯ್ತು. ಮುಚ್ಚಳ ಹಾಕಿದೆ. ಕೆರೆದ ಚಕ್ಕೆ ಅಂಗೈ ತುಂಬ ಇತ್ತು. ರಸ್ತೆ ಮೇಲೆ ಚೆಲ್ಲೋಕೆ ಬರಲ್ಲ, ವಿಭೂತಿ. ಕಾರೊಳಗೆ ಹತ್ತಿ ನಮ್ಮನೆಯವರ ಹಣೆಗೇ ಬಳಿದೆ. ಪೆಟ್ರೋಲ್ ವಾಸನೆ ಹೊಡೀತಿತ್ತು. ಅವರು ಕಣ್ಣು ಬಿಟ್ರು.

"ಏನ್ಲೇ ಅದು?"

"ಕಾರಿನ ಬಾಯಿದು. ಮುಚ್ಚಳದ ತೂತು ಕಟ್ಟಿತ್ತು. ವಿಭೂತಿ."

ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡೀತು. ಆಮೇಲೆ ಮುಖದಲ್ಲಿ ಗೆಲುವು ಬಂತು. "ಅದಕ್ಕೇ ಎಳೀತಿತ್ತು ನನ್ಮಗಂದು" ಅಂದ್ರು. ಎರಡು ಉಸಿರು ಬಿಟ್ಟು, "ಕಾರಿನ ಎಂಜಲನ್ನ ನನ್ನ ಹಣೆಗೆ ಬಳೀತೀಯಾ?" ಅಂದ್ರು. ನಗೋಕೆ ಹೋದ್ರು, ಕೆಮ್ಮು ಬಂತು, ಬಾಯಿಂದ ಕೆಂಪು ನೊರೆ ಬಂತು. ಸೆರಗಲ್ಲಿ ಒರೆಸಿದೆ.

ಕಾರು ಹೊರಡ್ತು. ಇಲವಾಲ ದಾಟಿ ಮೈಸೂರಿನವರೆಗೆ ಒಂದು ಸಲವೂ ಕೆಮ್ಮಲಿಲ್ಲ.

ಆಸ್ಪತ್ರೇಲಿ ಅವರ ಮೂಗಿಗೆ ಗಾಳಿ ಪೈಪು ಹಾಕಿದ್ರು. ಹರೆಯದ ಡಾಕ್ಟರೊಬ್ಬರು ನನ್ನ ಕೇಳಿದ್ರು, "ಪೆಟ್ರೋಲ್ ಒಳಗೆ ಹೋದ್ಮೇಲೆ ವಾಂತಿ ಮಾಡ್ಕೊಂಡ್ರಾ?"

"ಬೆರಳು ಹಾಕಿ ಕಕ್ಕಿದ್ರು."

"ಮಾಡಬಾರದಿತ್ತಮ್ಮ. ಕಕ್ಕಿದಾಗ ಇನ್ನಷ್ಟು ಎದೆಗೆ ಹೋಗ್ತದೆ."

"ಇವತ್ತು ದಾರೀಲಿ ತಡ ಆಯ್ತು. ಬೇಗ ಬಂದಿದ್ರೆ?"

ಅವರು ನನ್ನ ಮುಖ ನೋಡಿ, "ಹೇಳೋಕಾಗಲ್ಲ" ಅಂದ್ರು. ಸುಳ್ಳು ಹೇಳದೆ ಇದ್ದದ್ದಕ್ಕೆ ಅವರ ಮೇಲೆ ನನಗೆ ಸಿಟ್ಟಿಲ್ಲ.

ಮಾರನೆ ದಿನ ಬಿಸಿಲೇರೋ ಮುಂಚೆ ನಮ್ಮನೆಯವರು ಹೋದ್ರು. ಕೊನೇಲಿ ಮಾತಿರಲಿಲ್ಲ. ಅದೇ ಕಾರಲ್ಲಿ ಹುಣಸೂರಿಗೆ ತಂದ್ವಿ. ದಾರೀಲಿ ಡ್ರೈವರಣ್ಣ ಗಾಡಿ ಓಡಿಸ್ತಾನೇ ಅತ್ತ. "ನಾನು ಮುಚ್ಚಳ ತೆಗೀದೆ ಇದ್ದಿದ್ರೆ ನನ್ ತಮ್ಮ ಉಳೀತಿದ್ದ ಕಣವ್ವ."

"ನೀನು ತೆಗೆದದ್ದಕ್ಕಲ್ಲ. ತೂತು ಕಟ್ಟಿದ್ದಕ್ಕೆ. ತೂತು ನೆಟ್ಟಗಿದ್ದಿದ್ರೆ ಅವರು ಹಂಗೆ ಎಳೆಯೋ ಕೆಲಸವೇ ಇರ್ತಿರಲಿಲ್ಲ, ನೀನು ಹತ್ತು ಸಲ ತೆಗೆದಿದ್ರೂ ಏನೂ ಆಗ್ತಿರಲಿಲ್ಲ. ರಸ್ತೆ ನೋಡ್ಕಂಡು ಓಡಿಸು" ಅಂದೆ. ಅವನಿಗೆ ಸಮಾಧಾನ ಮಾಡೋಕೆ ಹೇಳಿದ್ದಲ್ಲ. ನಿಜ ಅದೇ. ಸಾಯಂಕಾಲ ಮಣ್ಣು ಮಾಡಿದ್ವಿ.

ಮಾರನೆ ಬೆಳಿಗ್ಗೆ ಎದ್ದೆ. ಕಾರು ಷೆಡ್ಡಿನ ಮುಂದೇ ನಿಂತಿತ್ತು. ಡ್ರೈವರಣ್ಣನಿಗೆ ಅದನ್ನ ಸಾಹುಕಾರರ ಮನೆಗೆ ತಗೊಂಡು ಹೋಗೋ ಧೈರ್ಯ ಇರಲಿಲ್ಲ. ಮೊದಲು ಗೂಟಕ್ಕೆ ನೇತು ಹಾಕಿದ್ದ ರಬ್ಬರ್ ಟ್ಯೂಬ್ ತೆಗೆದು ಒಲೆಗೆ ಹಾಕಿದೆ. ನಾತ ಹೊಡೀತು, ಹೊಡೀಲಿ. ಆ ಷೆಡ್ಡಲ್ಲಿ ಆಮೇಲೆ ಯಾರೂ ಪೈಪಿಗೆ ಬಾಯಿ ಇಡಲಿಲ್ಲ, ನಾನು ಇಡೋಕೆ ಬಿಡಲಿಲ್ಲ. ಕಾರಿನ ಮುಚ್ಚಳ ಬಿಚ್ಚಿ ತಂದು ಇಕ್ಕಳದಲ್ಲಿ ಕಚ್ಚಿಸಿದೆ. ಮೇಲಿನ ಮೈ ಬಿಟ್ಟು, ಕೆಳಗೆ ಅಂಚಿನ ಪಕ್ಕದಲ್ಲಿ, ಯಾರ ಬೆರಳೂ ಹೋಗದ ಕಡೆ, ಕೈಬೈರಿಗೆಯಲ್ಲಿ ಎರಡು ತೂತು ಕೊರೆದೆ. ಬೈರಿಗೆ ನಾನು ಹಿಡಿದದ್ದು ಅದೇ ಮೊದಲು. ಒಂದು ಸ್ವಲ್ಪ ಓರೆಯಾಯ್ತು. ರಸ್ತೇಲಿ ಹೋಗೋ ಒಬ್ಬ ಹೆಂಗಸು ಇನ್ನೊಬ್ಬಳಿಗೆ, "ನೆನ್ನೆ ಗಂಡನ್ನ ಮಣ್ಣು ಮಾಡಿ ಇವತ್ತು ತೂತು ಕೊರೀತಾ ಕೂತವಳೆ ನೋಡು" ಅಂದಳು. ಕೇಳಿಸ್ತು. ಅರ ಹಾಕಿ ತೂತಿನ ಅಂಚು ಉಜ್ಜಿದೆ.

ಅಷ್ಟೊತ್ತಿಗೆ ದೊಡ್ಡವ್ವ ಬಂದ್ರು. ಡ್ರೈವರಣ್ಣ ಹೇಳಿಬಿಟ್ಟಿದ್ದ. ಕಂಬ ಹಿಡ್ಕಂಡು ನಿಂತ್ರು, ಒಳಕ್ಕೆ ಬರಲಿಲ್ಲ.

"ನನ್ನ ಕೈಯಿಂದಾನೇ ಆಯ್ತಂತಲ್ಲೇ ಮಗಾ. ನಿಜವಾ?"

ಇಲ್ಲ ಅನ್ನಬಹುದಿತ್ತು. "ಹೂಂ ಅವ್ವ" ಅಂದೆ.

ಅವರು ಕೂತ್ಬಿಟ್ರು. ಬಟ್ಟಲು ಸೆರಗಿನ ಕೆಳಗೆ ಇತ್ತು, ಅವತ್ತು ಸೋಮವಾರ. "ಇನ್ನು ಹಚ್ಚಕ್ಕಿಲ್ಲ. ಯಾವುದಕ್ಕೂ ಹಚ್ಚಕ್ಕಿಲ್ಲ ಕಣವ್ವ" ಅಂದ್ರು.

ಮುಚ್ಚಳ ಅವರ ಮುಂದೆ ಹಿಡಿದೆ. "ಹಚ್ಚಿ. ಪಕ್ಕದಲ್ಲಿ ಬೇರೆ ತೂತು ಮಾಡಿವ್ನಿ. ಮೇಲೆ ಎಷ್ಟು ಹಚ್ಚಿದ್ರೂ ಇನ್ನೇನಾಗಲ್ಲ."

ಸೆರಗಿನ ಕೆಳಗಿಂದ ಬಟ್ಟಲು ಆಚೆ ತೆಗೆದ್ರು. ಆಮೇಲೆ ಮೂರು ಬೆರಳು ಅದ್ದಿದ್ರು. ಗೆರೆ ವಕ್ರ ಬಂತು. ನಾನು ಮುಚ್ಚಳ ತಗೊಂಡು ಹೋಗಿ ಟ್ಯಾಂಕಿಗೆ ಬಿಗಿದೆ. ಡ್ರೈವರಣ್ಣನ್ನ ಕೂಗಿ ಸ್ಟಾರ್ಟ್ ಮಾಡಿಸಿದೆ. ಮುಚ್ಚಳದ ಅಂಚಿನ ಹತ್ತಿರ ಕೆನ್ನೆ ಇಟ್ಟು ಕೂತೆ. ತಣ್ಣಗೆ ಎಳೆಯಷ್ಟು ಗಾಳಿ ಒಳಕ್ಕೆ ಹೋಗ್ತಿತ್ತು.

"ತಗೊಂಡು ಹೋಗು, ಸರಿ ಐತೆ" ಅಂದೆ.

ಕಾರು ತಗೊಂಡು ಕೋಟೆ ರಸ್ತೆಗೆ ಹೊರಟ ದಿನ ಬೆಳಿಗ್ಗೆ ನಮ್ಮನೆಯವರು ಒಂದು ಲಾರಿಯ ಕಾರ್ಬೊರೇಟರನ್ನ ಸೀಮೆಣ್ಣೆ ತೊಟ್ಟಿಗೆ ಹಾಕಿದ್ರು. ಅದು ಹಂಗೇ ನೆನೀತಾ ಇತ್ತು. ಕೂತು ತೊಳೆದೆ.